ಹಳದಿ ಪಟ್ಟಿ ತೆಗೆದ ದಿನ

ಬೆಳಿಗ್ಗೆ ಕಾಲೇಜಿನ ಗ್ರಂಥಾಲಯದ ಬಾಗಿಲು ತೆರೆದ ಕೂಡಲೇ ರೇಡಿಯೋ ಅಕ್ಕ ಮಾಡುವ ಮೊದಲ ಕೆಲಸ, ಕಂಪ್ಯೂಟರನ್ನು ಜೇನುಸಾಕಣೆಯ ವಿಚಾರ ಕೇಳುವುದು. ಕೈಚೀಲವನ್ನು ಕುರ್ಚಿಯ ಬೆನ್ನಿಗೆ ತಗುಲಿಸುತ್ತಾಳೆ, ಒಂದು ಗಳಿಗೆ ಕಣ್ಣು ಮುಚ್ಚಿ "ಇವತ್ತಿನ ದಿನವನ್ನೂ ನೀನೇ ನಡೆಸಪ್ಪಾ" ಎಂದು ದೇವರಿಗೆ ಹೇಳುತ್ತಾಳೆ, ಆಮೇಲೆ ಹುಡುಕುವ ಜಾಗದಲ್ಲಿ 'ಜೇನು' ಎಂದು ಬರೆದು ಗುಂಡಿ ಒತ್ತುತ್ತಾಳೆ. ಇಡೀ ಗ್ರಂಥಾಲಯದಲ್ಲಿ ಜೇನುಸಾಕಣೆಯ ಪುಸ್ತಕವಿರುವುದು ಒಂದೇ ಒಂದು. ಅದನ್ನು ಇಂದಿನವರೆಗೆ ಮನೆಗೆ ಒಯ್ದವರಿಲ್ಲ. ಹಾಗಾಗಿ ಪರದೆಯ ಮೇಲೆ 'ಒಂದು ಪ್ರತಿ, ಕಪಾಟಿನಲ್ಲಿದೆ' ಎಂದು ಮೂಡಿದರೆ ಯಂತ್ರದ ಹೊಟ್ಟೆಯೊಳಗೆ ಎಲ್ಲವೂ ನೆಟ್ಟಗಿದೆ ಎಂದರ್ಥ. "ಎದ್ದಿದ್ದೀಯಾ ತಾಯಿ? ಸರಿ, ಶುರು ಮಾಡೋಣ," ಎನ್ನುತ್ತಾಳೆ. ಜ್ವರದಿಂದ ಮಲಗಿದ್ದ ದಿನವೂ ಮನೆಯಿಂದಲೇ ಫೋನಿನಲ್ಲಿ ಜೇನನ್ನು ವಿಚಾರಿಸಿ, ಕ್ಷೇಮವೆಂದು ತಿಳಿದ ಮೇಲೆಯೇ ಮಾತ್ರೆ ನುಂಗಿದವಳು ಅವಳು.

ರೇಡಿಯೋ ಎಂಬ ಹೆಸರನ್ನು ಇಟ್ಟವರು ವಿದ್ಯಾರ್ಥಿಗಳು. ತಿಳಿದ ಸಂಗತಿಯೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಊಟ ಮಾಡುವುದು ಅವಳಿಂದ ಆಗದ ಕೆಲಸ. ಗ್ರಂಥಾಲಯದ ತಂತ್ರಾಂಶದಲ್ಲಿ ಹೊಸದೊಂದು ಉಪಾಯ ಕಂಡರೆ ಸಾಕು, ಮಧ್ಯಾಹ್ನದೊಳಗೆ ಅದು ಊರಿನ ಎಲ್ಲ ಕಾಲೇಜುಗಳ ಗ್ರಂಥಾಲಯಗಳಿಗೂ ಮುಟ್ಟಿರುತ್ತಿತ್ತು. ಆ ಗ್ರಂಥಾಲಯಗಳ ಸಿಬ್ಬಂದಿಯೆಲ್ಲ ಸೇರಿದ ಒಂದು ಫೋನ್ ಗುಂಪು ಇತ್ತು. ಗುಂಪು ಕಟ್ಟಿದವಳು ಅವಳೇ, ಬೆಳಗ್ಗೆ ಎಬ್ಬಿಸುವವಳೂ ಅವಳೇ. 'ಒಂದೇ ಪುಸ್ತಕ ಎರಡು ಸಲ ದಾಖಲಾಗಿದ್ದರೆ ಹೀಗೆ ಕೂಡಿಸಿ', 'ಬಾರ್‌ಕೋಡ್ ಚೀಟಿಯ ಮೇಲೆ ಟೇಪು ಹಚ್ಚಿದರೆ ಹೊಳಪಿಗೆ ಸ್ಕ್ಯಾನರ್ ಓದುವುದಿಲ್ಲ, ಹುಷಾರು', ಹೀಗೆ. ವಿಜ್ಞಾನ ಕಾಲೇಜಿನ ಗ್ರಂಥಪಾಲಕಿಯಂತೂ, "ಹವಾಮಾನ ವರದಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಬರುತ್ತೆ ನಮ್ಮ ಅಕ್ಕನ ಹತ್ರ," ಎಂದು ನಗುತ್ತಿದ್ದಳು.

ಹೇಳುವುದರಲ್ಲಿ ಎಷ್ಟು ಜೋರೋ, ಕೇಳುವುದರಲ್ಲೂ ಅಷ್ಟೇ ತಾಳ್ಮೆ. ಕಲಿತದ್ದೆಲ್ಲ ಕೇಳಿಯೇ. ಶಾಲೆ ಮುಗಿಯುತ್ತಿದ್ದಂತೆ ಮದುವೆಯಾಯಿತು. ಗಂಡನಿಗೆ ಹೊಲಿಗೆ ಯಂತ್ರ ರಿಪೇರಿಯ ಪುಟ್ಟ ಅಂಗಡಿ. ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸಲು ಒಬ್ಬರು ಬೇಕು ಎಂದು ಯಾರೋ ಹೇಳಿದ್ದಕ್ಕೆ ಗೋಂದಿನ ಬಾಟಲಿ ಹಿಡಿದು ಗ್ರಂಥಾಲಯಕ್ಕೆ ಬಂದವಳು, ಅಲ್ಲೇ ಅಂಟಿಕೊಂಡಳು. ಮೊದಲ ತಂತ್ರಾಂಶ ಕೊಟ್ಟ ಕಂಪನಿ ಒಂದು ದಿನ ಹೇಳದೆ ಕೇಳದೆ ಬಾಗಿಲು ಹಾಕಿತು. ಫೋನ್ ಮಾಡಿದರೆ ಯಾರೂ ಎತ್ತುವವರಿಲ್ಲ. ಆಗ ಗ್ರಂಥಪಾಲಕಿ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಬೇರೊಂದನ್ನು ತಂದರು. ಅದನ್ನು ಬರೆದವರು ಬೇರೆ ಬೇರೆ ಊರಿನ ಗ್ರಂಥಾಲಯಗಳ ಜನರೇ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. "ಹಂಚಬಹುದು ಅಂದ್ರಾ ಮೇಡಂ?" ಎಂದು ರೇಡಿಯೋ ಅಕ್ಕ ಎರಡು ಸಲ ಕೇಳಿದಳು. ತನಗಾಗಿಯೇ ಯಾರೋ ಮಾಡಿಟ್ಟ ಹಾಗಿದೆ ಎಂದು ಅವಳಿಗೆ ಅನಿಸಿತು.

ಮನೆಯಲ್ಲಿ ಅವಳ ಮೊದಲ ಶ್ರೋತೃ ಅತ್ತೆ. ಹೆಣಿಗೆ ಹಾಕುತ್ತ ಅತ್ತೆ ಒಂದು ಕಿವಿ ಕೊಡುತ್ತಿದ್ದರು, ಬಾಯನ್ನು ಪೂರ್ತಿ ಕೊಡುತ್ತಿದ್ದರು.

"ಅತ್ತೆ, ಇದರೊಳಗೆ ಐದು ಭಾಗ ಇರುತ್ತೆ. ಒಂದು, ಪುಸ್ತಕ ಕೊಳ್ಳೋದಕ್ಕೆ. ಇನ್ನೊಂದು, ಕೊಂಡಿದ್ದು ಏನು ಎತ್ತ ಅಂತ ದಾಖಲು ಮಾಡೋದಕ್ಕೆ. ಮತ್ತೊಂದು, ಕೊಡೋದಕ್ಕೆ ತಗೊಳ್ಳೋದಕ್ಕೆ. ಆಮೇಲೆ ಪತ್ರಿಕೆಗಳು ಸರಿಯಾಗಿ ಬಂದ್ವಾ ಅಂತ ನೋಡೋದಕ್ಕೆ. ಕೊನೇದು, ಓದೋರು ಮನೇಲೇ ಕೂತು ಹುಡುಕೋದಕ್ಕೆ."

"ಅಂದ್ರೆ ಈ ಅಡುಗೆಮನೇಲಿ ನಾನೊಬ್ಬಳೇ ಮಾಡ್ಕೊಂಡು ಬಂದಿದ್ದನ್ನ ಅಲ್ಲಿ ಐದು ಜನ ಸೇರ್ಕೊಂಡು ಮಾಡ್ತಾರೆ ಅನ್ನು."

ಆ ಹುಮ್ಮಸ್ಸಿನಲ್ಲಿ ರೇಡಿಯೋ ಅಕ್ಕ ಮನೆಯ ಡಬ್ಬಿಗಳಿಗೆಲ್ಲ ಮಿಕ್ಕ ಬಾರ್‌ಕೋಡ್ ಚೀಟಿಗಳನ್ನು ಅಂಟಿಸಿದ್ದೂ ಉಂಟು. ಸಕ್ಕರೆಗೊಂದು, ಉಪ್ಪಿಗೊಂದು. ಅತ್ತೆ ಉಪ್ಪಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದೇನು ಮಾತಾಡ್ತಾ ಇಲ್ವಲ್ಲೇ? ಪಕ್ಕದ ಮನೆಯವಳು ಸಕ್ಕರೆ ಇಸ್ಕೊಂಡು ಹೋದ್ರೆ ಅವಳಿಗೂ ನೋಟಿಸು ಕಳಿಸ್ತೀಯೇನು?" ಎಂದು ಕೇಳಿದರು. ಗಂಡ ಊಟದ ತಟ್ಟೆಯಿಂದ ತಲೆ ಎತ್ತದೆ, "ಅಮ್ಮ, ಐಡಿಯಾ ಕೊಡಬೇಡ," ಎಂದ.

ಹೀಗೆ ಸುಖವಾಗಿದ್ದ ಬದುಕಿಗೆ ಒಂದು ಸೋಮವಾರ ಅಡ್ಡ ಬಂದು ನಿಂತಿತು.

ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿ ಒಬ್ಬರಿದ್ದರು. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ, ನಕ್ಕದ್ದನ್ನು ನೋಡಿದವರಿಲ್ಲ. ಗ್ರಂಥಾಲಯದ ಕಂಪ್ಯೂಟರ್ ಕೆಲಸವನ್ನೆಲ್ಲ ಹೊರಗಿನ ಕಂಪನಿಯೊಂದಕ್ಕೆ ವಹಿಸಿಬಿಡೋಣ ಎಂಬ ಯೋಚನೆ ಅವರಿಗೆ ಬಂದಿತ್ತು. ಹಾಗಾದರೆ ರೇಡಿಯೋ ಅಕ್ಕನಿಗೆ ಇಲ್ಲಿ ಕೆಲಸವಿಲ್ಲ. ಬರುವ ಸೋಮವಾರದಿಂದ ಅವಳು ಫೀಸು ಕಟ್ಟಿಸಿಕೊಳ್ಳುವ ಕೌಂಟರಿಗೆ. ಆ ಕೌಂಟರನ್ನು ಅವಳು ಚೆನ್ನಾಗಿ ಬಲ್ಲಳು. ಗಾಜಿನ ಹಿಂದೆ ಒಂದು ಸ್ಟೂಲು, ಕೈ ತೂರುವಷ್ಟು ಕಂಡಿ, ಇಡೀ ದಿನ 'ಮುಂದಿನವರು' ಎಂಬ ಒಂದೇ ಮಾತು. ಈಗ ಅಲ್ಲಿ ಕೂರುವಾತ ಮನೆಗೆ ಹೋದರೂ ಹೆಂಡತಿಯನ್ನು ಮುಂದಿನವರು ಎಂದೇ ಕರೆಯುತ್ತಾನೆ ಎಂದು ಕಾಲೇಜಿನಲ್ಲಿ ತಮಾಷೆಯಿತ್ತು.

ದೊಡ್ಡ ಮೇಡಂ ಕಾರ್ಯದರ್ಶಿಗಳನ್ನು ಬೇಡಿಕೊಂಡರು. "ಸಾರ್, ಈ ಶುಕ್ರವಾರ ಊರಿನ ಎಲ್ಲಾ ಕಾಲೇಜಿನ ಲೈಬ್ರರಿಯವರು ಇಲ್ಲಿಗೇ ಬರ್ತಾರೆ. ಒಬ್ಬೊಬ್ಬರದು ಒಂದೊಂದು ಸಾಫ್ಟ್‌ವೇರು. ಯಾರದ್ದು ಹೇಗೆ ನಡೀತಿದೆ, ಎಲ್ಲಿ ಸುಖ ಎಲ್ಲಿ ಕಷ್ಟ ಅಂತ ಹಂಚ್ಕೊಳ್ಳೋ ಕಾರ್ಯಕ್ರಮ. ನಮ್ಮದನ್ನ ಇವಳೇ ತೋರಿಸ್ತಾಳೆ. ನೀವೂ ಬಂದು ನೋಡಿ, ಆಮೇಲೆ ತೀರ್ಮಾನ ಮಾಡಿ."

"ನೋಡೋಣ," ಎಂದರು ಕಾರ್ಯದರ್ಶಿ. ಅವರ ನೋಡೋಣ ಎಂದರೆ ಬೇರೆಯವರ ಬಾಯಲ್ಲಿ ಇಲ್ಲ ಎಂದ ಹಾಗೆ.

ಇಲ್ಲಿ ಒಂದು ಮಾತು ಹೇಳಬೇಕು. ಇಂಥ ಗ್ರಂಥಾಲಯಗಳಲ್ಲಿ ತಂತ್ರಾಂಶದ ಎರಡು ಪ್ರತಿಗಳಿರುತ್ತವೆ. ಒಂದು ಅಸಲಿ, ದಿನವೂ ಪುಸ್ತಕ ಕೊಡುವುದು ತೆಗೆದುಕೊಳ್ಳುವುದು ಅದರಲ್ಲೇ. ಇನ್ನೊಂದು ಅಭ್ಯಾಸದ್ದು. ಅದರಲ್ಲಿ ಏನು ಮಾಡಿದರೂ ಹೊರಗೆ ಹೋಗುವುದಿಲ್ಲ, ಸಂದೇಶ ಕಳಿಸಿದರೆ ಯಾರಿಗೂ ತಲುಪುವುದಿಲ್ಲ, ಅಡುಗೆ ಆಟದಲ್ಲಿ ಮಕ್ಕಳು ಬೇಯಿಸಿದ ಹಾಗೆ. ಎರಡೂ ನೋಡಲು ಅವಳಿ ಜವಳಿ. ಕೈತಪ್ಪಿ ಒಂದರ ಬದಲು ಇನ್ನೊಂದರಲ್ಲಿ ಒತ್ತಿಬಿಡಬಾರದೆಂದು ರೇಡಿಯೋ ಅಕ್ಕ ಅಭ್ಯಾಸದ ಪ್ರತಿಯ ನೆತ್ತಿಯ ಮೇಲೆ ದಪ್ಪನೆಯ ಹಳದಿ ಪಟ್ಟಿಯೊಂದನ್ನು ಹಾಕಿದ್ದಳು. ಪಟ್ಟಿ ಕಂಡರೆ ಮನಸ್ಸಿಗೆ ಬಂದಂತೆ ಆಡು, ಕಾಣದಿದ್ದರೆ ಕೈ ಬಿಗಿಹಿಡಿ. ಅದು ಅವಳ ಲೆಕ್ಕ.

ಗುರುವಾರ ಸಂಜೆ ಕಾರ್ಯದರ್ಶಿ ವ್ಯವಸ್ಥೆ ನೋಡಲು ಬಂದರು. ಕುರ್ಚಿಗಳ ಸಾಲು ಸರಿಯಿತ್ತು, ನೀರಿನ ಲೋಟಗಳು ಸರಿಯಿದ್ದವು. ಗೋಡೆಯ ದೊಡ್ಡ ಪರದೆಯ ಮೇಲೆ ಅಭ್ಯಾಸದ ಪ್ರತಿ ತೆರೆದಿತ್ತು. ಅವರ ಹುಬ್ಬು ಗಂಟಾಯಿತು.

"ಏನ್ರೀ ಇದು ಹಳದಿ? ರಸ್ತೆ ರಿಪೇರಿ ನಡೀತಿದೆ, ನಿಧಾನವಾಗಿ ಹೋಗಿ ಅನ್ನೋ ಹಾಗಿದೆ. ಬಂದವರ ಮುಂದೆ ಚೆಂದ ಕಾಣಬೇಕು. ತೆಗೀರಿ."

ರೇಡಿಯೋ ಅಕ್ಕ ಬಾಯಿ ತೆರೆದಳು. ಹೇಳುವುದಕ್ಕೆ ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಕಣ್ಣ ಮುಂದೆ ಗಾಜಿನ ಕೌಂಟರು ಬಂತು, ಆ ಸ್ಟೂಲು ಬಂತು. ಜೀವಮಾನದಲ್ಲಿ ಮೊದಲ ಸಲ ರೇಡಿಯೋ ತಾನಾಗಿ ಬಂದ್ ಆಯಿತು. "ಆಯ್ತು ಸಾರ್," ಎಂದು ಪಟ್ಟಿ ತೆಗೆದಳು.

ಶುಕ್ರವಾರ ಬೆಳಿಗ್ಗೆ ಗ್ರಂಥಾಲಯ ಸಂತೆಯಂತೆ ಕಳೆಗಟ್ಟಿತ್ತು. ಕಾನೂನು ಕಾಲೇಜಿನ ಗ್ರಂಥಪಾಲಕರು, ಸದಾ ವಾದ ಹೂಡುವ ಸಣಕಲು ಮನುಷ್ಯ, ತಮ್ಮ ತಂತ್ರಾಂಶ ಎಷ್ಟು ಕಟ್ಟುನಿಟ್ಟು ಎಂದು ವರ್ಣಿಸಿದರು. ವಿಜ್ಞಾನ ಕಾಲೇಜಿನಾಕೆ, ದುಂಡು ಮುಖದ ನಗೆಗಾರ್ತಿ, ತಮ್ಮದು ಬೆಳಿಗ್ಗೆ ಎದ್ದೇಳಲು ತನ್ನ ಗಂಡನಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಹೇಳಿ ಎಲ್ಲರನ್ನೂ ನಗಿಸಿದಳು. ಕಾರ್ಯದರ್ಶಿ ಮುಂದಿನ ಸಾಲಿನಲ್ಲಿ ಕಂಬದ ಹಾಗೆ ಕೂತಿದ್ದರು.

ಸರದಿ ರೇಡಿಯೋ ಅಕ್ಕನದು. ಅವಳ ಮೇಜಿನ ಮೇಲೆ ಎರಡು ಕಿಟಕಿಗಳು ತೆರೆದಿದ್ದವು, ಒಂದು ಅಸಲಿ, ಒಂದು ಅಭ್ಯಾಸ. ಬೆಳಿಗ್ಗೆಯಿಂದ ನಡುನಡುವೆ ಯಾರ್‍ಯಾರೋ ಪುಸ್ತಕ ಕೇಳಿಕೊಂಡು ಬಂದಿದ್ದರಿಂದ ಅವಳು ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇದ್ದಳು. ಈಗ ಎರಡೂ ಚೆಂದವಾಗಿದ್ದವು, ಎರಡೂ ಒಂದೇ ಥರ ಇದ್ದವು.

ಹುಡುಕುವುದನ್ನು ತೋರಿಸಿದಳು, ಬೇರೆ ಗ್ರಂಥಾಲಯದ ದಾಖಲೆಯನ್ನು ಹೇಗೆ ತಂದುಕೊಳ್ಳಬಹುದೆಂದು ತೋರಿಸಿದಳು. ಜನ ತಲೆದೂಗಿದರು. ಅವಳಿಗೆ ಹುರುಪು ಏರಿತು.

"ಈಗ ನೋಡಿ, ಅವಧಿ ಮುಗಿದ ಪುಸ್ತಕ ವಾಪಸ್ ಕೊಡಿ ಅಂತ ಒಬ್ಬೊಬ್ಬರಿಗೇ ಬರೆದು ಕೂರಬೇಕಾಗಿಲ್ಲ. ಇಲ್ಲಿ 'ಎಲ್ಲರಿಗೂ' ಅಂತ ಇದೆ. ಇದನ್ನ ಒತ್ತಿದ್ರೆ ಹೇಳಬೇಕಾದ್ದನ್ನೆಲ್ಲ ಅದೇ ಹೇಳುತ್ತೆ. ಒತ್ತುತ್ತೀನಿ ನೋಡಿ."

ಒತ್ತಿದಳು.

ಮೊದಲ ಸದ್ದು ಬಂದದ್ದು ಮುಂದಿನ ಸಾಲಿನಿಂದ. ಕಾರ್ಯದರ್ಶಿಗಳ ಅಂಗಿಯ ಜೇಬು 'ಟಿಂಗ್' ಎಂದಿತು. ಅವರ ಹಿಂದೆ ಇನ್ನೊಂದು ಟಿಂಗ್. ಬಲಕ್ಕೊಂದು, ಎಡಕ್ಕೊಂದು. ನೋಡನೋಡುತ್ತಿದ್ದಂತೆ ಇಡೀ ಕೋಣೆ ಗೆಜ್ಜೆ ಕಟ್ಟಿಕೊಂಡ ಹಾಗೆ ಟಿಂಗುಟ್ಟತೊಡಗಿತು. ರೇಡಿಯೋ ಅಕ್ಕ ಪರದೆಯ ಕಡೆ ತಿರುಗಿದಳು. ಅಭ್ಯಾಸದ ಪ್ರತಿಯ ಸಂದೇಶ ಯಾರಿಗೂ ತಲುಪುವುದಿಲ್ಲವಲ್ಲ!

ಮೇಜಿನ ಹಿಂದೆ ನಿಂತಿದ್ದ ದೊಡ್ಡ ಮೇಡಂ ಬಗ್ಗಿ ಪಿಸುಗುಟ್ಟಿದರು. "ಯಾವುದರಲ್ಲಿ ಒತ್ತಿದೆ?"

"ಅಸಲಿಯಲ್ಲಿ, ಮೇಡಂ."

"ಹಳೇ ಕಾರ್ಡಿನವರು?"

"ಅವರೂ 'ಎಲ್ಲರಿಗೂ' ಒಳಗೇ ಬರ್ತಾರೆ, ಮೇಡಂ."

ಹಳೇ ಕಾರ್ಡಿನವರ ಕಥೆ ಇಷ್ಟು. ಕಂಪ್ಯೂಟರ್ ಬರುವ ಮುಂಚೆ ಪ್ರತಿ ಓದುಗನಿಗೂ ಒಂದು ರಟ್ಟಿನ ಕಾರ್ಡು. ಪುಸ್ತಕ ವಾಪಸ್ ಬಂದ ಗುರುತಿಲ್ಲದ ಕಾರ್ಡುಗಳ ರಾಶಿಯನ್ನು ಎಸೆಯಲು ದೊಡ್ಡ ಮೇಡಂಗೆ ಮನಸ್ಸು ಬಂದಿರಲಿಲ್ಲ. ಅವನ್ನೂ ಹೊಸ ತಂತ್ರಾಂಶಕ್ಕೆ ಸೇರಿಸಿ, ಜ್ಞಾಪನೆ ಕಳಿಸುವುದು ಬೇಡವೆಂದು ಬದಿಗಿಟ್ಟಿದ್ದರು. ಹಳೆಯ ವಿದ್ಯಾರ್ಥಿಗಳ ಸಂಘದವರು ಎಲ್ಲರ ಫೋನ್ ನಂಬರು ಕೊಟ್ಟಾಗ ರೇಡಿಯೋ ಅಕ್ಕ ಖುಷಿಯಿಂದ ಅವನ್ನೂ ಆ ಹೆಸರುಗಳ ಮುಂದೆ ಜೋಡಿಸಿದ್ದಳು. ಅಂದರೆ ಈ ಊರಿನಲ್ಲಿ ಯಾವ ಕಾಲದಲ್ಲೋ ಪುಸ್ತಕ ಒಯ್ದು ಮರೆತವರಿಗೆಲ್ಲ ಈಗ, ಈ ಕ್ಷಣದಲ್ಲಿ, ಪುಸ್ತಕದ ಹೆಸರಿನ ಸಮೇತ ಸಂದೇಶ ಹೋಗಿತ್ತು. ಕಾರ್ಯದರ್ಶಿಗಳೂ, ಕೋಣೆಯಲ್ಲಿ ಕೂತಿದ್ದ ಗ್ರಂಥಪಾಲಕರಲ್ಲಿ ಬಹಳ ಮಂದಿಯೂ ಇದೇ ಕಾಲೇಜಿನಲ್ಲಿ ಓದಿದವರು.

"ಅಯ್ಯೋ, ನನಗೂ ಬಂದಿದೆ!" ವಿಜ್ಞಾನ ಕಾಲೇಜಿನಾಕೆ ಫೋನ್ ಎತ್ತಿ ಹಿಡಿದು ಕಿರುಚಿದಳು. "'ಸಸ್ಯಗಳ ಉಸಿರಾಟ'. ಇದು ನಮ್ಮನೇಲಿ ಮೇಜಿನ ಕಾಲಿನ ಕೆಳಗಿದೆಯಲ್ಲ!"

ಕಾನೂನು ಕಾಲೇಜಿನವರು ಕನ್ನಡಕ ಏರಿಸಿ ತಮ್ಮದನ್ನು ಓದಿದರು. "ಇದಕ್ಕೆ ಕಾಲಮಿತಿ ಮೀರಿದೆ. ಕೋರ್ಟಿನಲ್ಲಿ ನಿಲ್ಲಲ್ಲ."

"ಕೋರ್ಟು ಆಮೇಲೆ, ಪುಸ್ತಕ ಎಲ್ಲಿದೆ ಹೇಳ್ರೀ!" ಎಂದು ಆಕೆ ಕೂಗಿದ್ದಕ್ಕೆ ಎಲ್ಲರೂ ನಕ್ಕರು.

ಕಾರ್ಯದರ್ಶಿ ಮಾತ್ರ ನಗಲಿಲ್ಲ. ಜೇಬಿನಿಂದ ಫೋನು ತೆಗೆದರು, ಓದಿದರು, ಇನ್ನೊಮ್ಮೆ ಓದಿದರು. ಕಿವಿಯ ಅಂಚು ಕೆಂಪಾಯಿತು. ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟರು. ಅವರ ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು.

ರೇಡಿಯೋ ಅಕ್ಕನಿಗೆ ಸೋಮವಾರದ ಗಾಜು ಮೂಗಿಗೆ ತಾಗಿದಂತಾಯಿತು. 'ದೇವರೇ, ಒಂದು ಗುಂಡಿ. ಒಂದೇ ಒಂದು ಗುಂಡಿ' ಎಂದು ಒಳಗೊಳಗೇ ಹೇಳಿಕೊಂಡಳು. ದೇವರು ಸುಮ್ಮನಿದ್ದ. ಆದರೆ ಬಾಗಿಲ ಬಳಿ ಅಟೆಂಡರ್ ಬಂದು ನಿಂತ. ಅವನನ್ನು ಎಲ್ಲರೂ ಮೌನಿ ಅಣ್ಣ ಎನ್ನುವುದು. ಪುಸ್ತಕ ಹೊರುತ್ತಾನೆ, ಬೆವರು ಒರೆಸುತ್ತಾನೆ, ಮಾತಾಡುವುದಿಲ್ಲ. ಅಂಥವನು ಬಾಯಿಬಿಟ್ಟ.

"ಬರ್ತಿದಾರೆ."

"ಯಾರಣ್ಣ?"

ಮೌನಿ ಅಣ್ಣ ಕೈಯನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬೀಸಿ ತೋರಿಸಿದ.

ಮೊದಲು ಒಳಗೆ ನುಗ್ಗಿದವನು ಎದುರಿನ ಬೇಕರಿಯವನು. ಮೊಣಕೈವರೆಗೆ ಹಿಟ್ಟು, ಕಂಕುಳಲ್ಲಿ ರಸಾಯನಶಾಸ್ತ್ರ. "ಅಕ್ಕ, ತಪ್ಪಾಯ್ತು. ಇದನ್ನ ಓದಿ ಪಾಸಂತೂ ಆಗ್ಲಿಲ್ಲ. ಆದ್ರೆ ಬ್ರೆಡ್ಡು ಯಾಕೆ ಉಬ್ಬುತ್ತೆ ಅಂತ ಗೊತ್ತಾಯ್ತು!" ಅವನ ಹಿಂದೆಯೇ ಹಲ್ಲಿನ ಡಾಕ್ಟರು, ಮುಖಕ್ಕೆ ಕಟ್ಟಿದ ಬಟ್ಟೆಯನ್ನೂ ತೆಗೆಯದೆ. "ಬೇಗ ತಗೊಳ್ಳಿ ತಾಯಿ. ಅಲ್ಲಿ ಪೇಷೆಂಟು ಬಾಯಿ ತೆಕ್ಕೊಂಡು ಕೂತಿದಾರೆ." ಅವರ ಹಿಂದೆ ಒಬ್ಬ ಬಸ್ ಡ್ರೈವರು. ಬಸ್ಸನ್ನು ಪ್ರಯಾಣಿಕರ ಸಮೇತ ಗೇಟಿನ ಮುಂದೆಯೇ ನಿಲ್ಲಿಸಿದ್ದ. ಪ್ರಯಾಣಿಕರು ಬೈಯುವ ಬದಲು ಕಿಟಕಿಯಿಂದ ತಲೆ ಹೊರಹಾಕಿ, ಯಾವ ಪುಸ್ತಕವಂತೆ, ಯಾವ ಪುಸ್ತಕವಂತೆ ಎಂದು ಕೇಳುತ್ತಿದ್ದರು.

ಗಟ್ಟಿ ದನಿಯ ಹೆಂಗಸೊಬ್ಬಳು ಪುಸ್ತಕವಿಲ್ಲದೆ ಬರಿಗೈಯಲ್ಲಿ ಬಂದಳು. "ನಾನು ಅವತ್ತೇ ವಾಪಸ್ ಕೊಟ್ಟಿದ್ದೀನಿ! ನನ್ನನ್ನ ಕಳ್ಳಿ ಅಂತೀರಾ?"

ರೇಡಿಯೋ ಅಕ್ಕ ಅಡ್ಡ ಮಾತಾಡಲಿಲ್ಲ. ಆ ಹೆಂಗಸು ಯಾವ ಮಳೆಯಲ್ಲಿ, ಯಾವ ಕೊಡೆ ಹಿಡಿದು, ಯಾರ ಕೈಗೆ ಕೊಟ್ಟಳೆಂದು ಹೇಳಿ ಮುಗಿಸುವವರೆಗೆ ಪೂರ್ತಿ ಕೇಳಿದಳು. ಅಷ್ಟರಲ್ಲಿ ಮೌನಿ ಅಣ್ಣ ಕಪಾಟಿನ ಸಾಲಿಗೆ ಹೋಗಿ ಅದೇ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟ. ಅದು ಅಷ್ಟು ವರ್ಷವೂ ತನ್ನ ಜಾಗದಲ್ಲೇ ಇತ್ತು.

"ನೋಡಿದ್ರಾ!" ಹೆಂಗಸು ಸುತ್ತಲಿದ್ದವರಿಗೆಲ್ಲ ಪುಸ್ತಕ ತೋರಿಸಿದಳು, ಗೆದ್ದ ಬಹುಮಾನದ ಹಾಗೆ.

"ನಮ್ಮದೇ ತಪ್ಪು, ಅಮ್ಮ. ಕ್ಷಮಿಸಿಬಿಡಿ," ಎಂದಳು ರೇಡಿಯೋ ಅಕ್ಕ.

"ಹೋಗ್ಲಿ ಬಿಡು. ಇರು, ಇದರ ಕೊನೆ ಮರೆತೇಹೋಗಿದೆ. ಮತ್ತೆ ಇಶ್ಯೂ ಮಾಡಿಕೊಡು."

ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿಯಿತು. ದೊಡ್ಡ ಮೇಡಂ ಮತ್ತು ಅಕ್ಕ ಇಬ್ಬರಿಂದ ಆಗುವ ಮಾತಲ್ಲ. ವಿಜ್ಞಾನ ಕಾಲೇಜಿನಾಕೆ ತೋಳು ಮೇಲೇರಿಸಿಕೊಂಡು ಎದ್ದಳು. "ಬಂದಿದ್ದು ಕಲಿಯೋಕೆ ತಾನೆ? ಬನ್ರಪ್ಪಾ!" ಇದ್ದ ಕಂಪ್ಯೂಟರುಗಳನ್ನೆಲ್ಲ ತೆರೆದು ಬಂದ ಅತಿಥಿಗಳೇ ಕೂತರು. ರೇಡಿಯೋ ಅಕ್ಕ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಓಡಾಡುತ್ತ ಹೇಳಿಕೊಟ್ಟಳು. ಭಾಷಣದಲ್ಲಿ ತಲೆದೂಗಿದವರು ಈಗ ನಿಜಕ್ಕೂ ಕಣ್ಣರಳಿಸಿದರು.

"ಅಯ್ಯಯ್ಯ, ಒಂದು ಸಲ ಸ್ಕ್ಯಾನ್ ಮಾಡಿದ್ರೆ ಮುಗೀತಾ? ನಮ್ಮದರಲ್ಲಿ ವಾಪಸ್ ತಗೊಂಡ್ಯಾ, ನಿಜವಾಗ್ಲೂ ತಗೊಂಡ್ಯಾ, ದೇವರಾಣೆಗೂ ತಗೊಂಡ್ಯಾ ಅಂತ ಕೇಳ್ತಾನೇ ಇರುತ್ತೆ!"

"ನಮ್ಮದು ಹಳೇ ಕಾರ್ಡಿನವರನ್ನ ಒಳಗೇ ಬಿಟ್ಕೊಳ್ಳಲ್ಲ," ಎಂದರು ಕಾನೂನು ಕಾಲೇಜಿನವರು, ಎರಡೂ ಕೈಯಲ್ಲಿ ಪುಸ್ತಕ ಪೇರಿಸುತ್ತ. "ಅದಕ್ಕೇ ನಮಗೆ ಈ ಗತಿ ಬಂದಿಲ್ಲ."

"ಅದಕ್ಕೇ ನಿಮಗೆ ಈ ಪುಸ್ತಕಗಳೂ ಬಂದಿಲ್ಲ!"

ಆ ಗದ್ದಲದ ನಡುವೆ ಸಾಲನ್ನು ಸೀಳಿಕೊಂಡು ಅತ್ತೆ ಬಂದರು. ಅವರ ಕಣ್ಣಿನ ಮಿಂಚನ್ನು ದೂರದಿಂದಲೇ ನೋಡಿ ರೇಡಿಯೋ ಅಕ್ಕ ಗಾಬರಿಯಾದಳು.

"ಏನತ್ತೆ, ಮನೇಲಿ ಏನಾದ್ರೂ..."

"ಏನೂ ಆಗಿಲ್ಲ. ನಿನ್ನ ಗಂಡನ ಫೋನಿಗೆ ನೋಟಿಸು ಬಂತು. ಅವನು ನಾಚ್ಕೊಂಡು ಅಂಗಡಿ ಬಾಗಿಲು ಹಾಕ್ಕೊಂಡು ಕೂತಿದಾನೆ. ಅದಕ್ಕೆ ನಾನೇ ತಂದೆ." ಅತ್ತೆ ಪುಸ್ತಕವನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲಿಟ್ಟರು. 'ಪ್ರೇಮಪತ್ರ ಬರೆಯುವ ಕಲೆ'.

ಈ ಕಾಲೇಜಿನಲ್ಲಿ ಒಂದೇ ವರ್ಷ ಓದಿದ ಗಂಡ, ಗ್ರಂಥಾಲಯದ ಬಾಗಿಲು ಎಲ್ಲಿದೆಯೆಂದೇ ನೋಡಿಲ್ಲ ಎಂದು ಹೇಳಿಕೊಂಡು ತಿರುಗಿದವನು. ರೇಡಿಯೋ ಅಕ್ಕ ಪುಸ್ತಕ ತೆರೆದಳು. ಮಡಚಿದ ಪುಟವೊಂದು ತಾನಾಗಿ ಬಿಚ್ಚಿಕೊಂಡಿತು. ಓದುತ್ತಿದ್ದಂತೆ ಅವಳ ಬಾಯಿ ತೆರೆದೇ ಉಳಿಯಿತು. "ಅತ್ತೆ! ಇದು... ಮದುವೆಗೆ ಮುಂಚೆ ನನಗೆ ಬಂದಿತ್ತಲ್ಲ, ಅದೇ! 'ನಿಮ್ಮ ನಗು ಬೆಳಗಿನ ಬೆಳಕು' ಅಂತ. ಇಷ್ಟು ವರ್ಷ ಅವರೇ ಬರೆದಿದ್ದು ಅಂದ್ಕೊಂಡಿದ್ದೆ!"

"ಅವನಿಗೆ ಅಷ್ಟೆಲ್ಲ ಎಲ್ಲಿ ಬರುತ್ತೇ?" ಎಂದರು ಅತ್ತೆ. "ಆದ್ರೆ ಆರಿಸಿದ್ದು ಅವನೇ, ನೋಡು. ಹಿಂದಿನ ಪುಟದಲ್ಲಿ ಇದಕ್ಕಿಂತ ಅಗ್ಗದ್ದು ಇದೆ."

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರೇಡಿಯೋ ಅಕ್ಕನೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಸೋಮವಾರ ಇದ್ದೇ ಇತ್ತು, ಆದರೂ ನಗದೆ ಇರಲು ಆಗಲಿಲ್ಲ.

ಆ ನಗು ಥಟ್ಟನೆ ನಿಂತಿತು. ಬಾಗಿಲಲ್ಲಿ ಕಾರ್ಯದರ್ಶಿ.

ಅವರು ಮುಂದೆ ಬರಲಿಲ್ಲ. ಸಾಲಿನ ಕೊನೆಯಲ್ಲಿ, ಒಬ್ಬ ತರಕಾರಿ ಅಂಗಡಿಯವನ ಹಿಂದೆ ನಿಂತರು. ಜನ ಸರಿದು ದಾರಿ ಬಿಟ್ಟರೂ ತಲೆ ಅಲ್ಲಾಡಿಸಿ ಅಲ್ಲೇ ನಿಂತರು. ಸರದಿ ಬಂದಾಗ ಹಳೇ ಪತ್ರಿಕೆಯಲ್ಲಿ ಸುತ್ತಿದ್ದ ತೆಳ್ಳನೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. 'ಹೊಸಬರಿಗೆ ನೃತ್ಯ, ಚಿತ್ರಗಳ ಸಹಿತ'.

ಮೊದಲು ಕೇಳಿದವರು ಅತ್ತೆಯೇ. "ಕಲಿತ್ರಾ?"

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ಮೂರನೇ ಚಿತ್ರದವರೆಗೆ." ಆಮೇಲೆ, ಯಾರೋ ಹಿಂದಿನಿಂದ ನೂಕಿದ ಹಾಗೆ, ಆ ಇಸ್ತ್ರಿ ಮುರಿಯದ ಮನುಷ್ಯ ಬಲಗಾಲು ಪಕ್ಕಕ್ಕಿಟ್ಟು, ಎಡಗಾಲು ಕೂಡಿಸಿ, ಒಂದು ಸುತ್ತು ತಿರುಗಿಯೇಬಿಟ್ಟರು. ಬೂಟು ಕಿರ್ರೆಂದಿತು. ಇಡೀ ಗ್ರಂಥಾಲಯ ಚಪ್ಪಾಳೆಯಿಂದ ಅದುರಿತು. ಮೌನಿ ಅಣ್ಣ ಶಿಳ್ಳೆ ಹಾಕಿದ. ಹೊರಗೆ ನಿಂತಿದ್ದ ಬಸ್ಸು ಸುಮ್ಮನೆ ಹಾರ್ನ್ ಮಾಡಿತು.

"ಇದನ್ನ ಎಲ್ಲೋ ಕಳೆದುಹಾಕಿದೀನಿ ಅಂತಿದ್ದೆ," ಎಂದರು ಕಾರ್ಯದರ್ಶಿ, ಏದುಸಿರು ಬಿಡುತ್ತ. ಮುಖದಲ್ಲಿ ಹೊಸಬನ ನಗು, ಎಲ್ಲಿ ಇಡಬೇಕೆಂದು ತಿಳಿಯದಂಥದ್ದು. "ಅಮ್ಮನ ಪೆಟ್ಟಿಗೇಲಿತ್ತು. ಅವರು ಹೋದ ಮೇಲೆ ಆ ಪೆಟ್ಟಿಗೆ ತೆಗೆದೇ ಇರಲಿಲ್ಲ. ಇವತ್ತು ತೆಗೆದೆ." ಪೇರಿಸಿಟ್ಟ ಪುಸ್ತಕಗಳ ಗುಡ್ಡವನ್ನು ನೋಡಿದರು. "ಎಂಥ ಯೋಜನೆ ಅಮ್ಮ ನಿಮ್ಮದು! ಭಾಷಣದಲ್ಲಿ ತೋರಿಸೋ ಬದಲು ಇಡೀ ಊರನ್ನೇ ಕರೆಸಿ ತೋರಿಸಿಬಿಟ್ರಿ. ಆ ಕಂಪನಿಯವರಿಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು? ಕೆಲಸ ಹೊರಗೆ ಕೊಡಲ್ಲ. ಸೋಮವಾರ ನೀವು ಎಲ್ಲಿಗೂ ಹೋಗಬೇಡಿ."

ದೊಡ್ಡ ಮೇಡಂ ಮೇಜಿನ ಕೆಳಗೆ ಅವಳ ಕೈಯನ್ನು ಗಟ್ಟಿಯಾಗಿ ಅಮುಕಿದರು. ಸುಮ್ಮನಿರು ಎಂದು ಆ ಕೈ ಹೇಳುತ್ತಿತ್ತು. ಸುಮ್ಮನಿರುವುದು ಎಷ್ಟು ಸುಲಭವಿತ್ತು! ನಿನ್ನೆ ಸಂಜೆಯೂ ಇಷ್ಟೇ ಸುಲಭವಿತ್ತು.

"ಯೋಜನೆ ಅಲ್ಲ ಸಾರ್," ಎಂದಳು ರೇಡಿಯೋ ಅಕ್ಕ. "ತಪ್ಪು ಪ್ರತಿಯಲ್ಲಿ ಒತ್ತಿಬಿಟ್ಟೆ. ಎರಡು ಇವೆ, ಒಂದು ಅಸಲಿ, ಒಂದು ಅಭ್ಯಾಸದ್ದು. ಗುರುತು ಸಿಗ್ಲಿ ಅಂತ ಅಭ್ಯಾಸದ್ದಕ್ಕೆ ಹಳದಿ ಪಟ್ಟಿ ಹಾಕಿದ್ದೆ."

ಕಾರ್ಯದರ್ಶಿಗಳ ನಗು ಮೆಲ್ಲಗೆ ಮಾಸಿತು. "ಅದನ್ನ ತೆಗೀರಿ ಅಂದಿದ್ದು ನಾನು."

"ಹೌದು ಸಾರ್. ಅದು ಯಾಕಿದೆ ಅಂತ ಹೇಳದೆ ತೆಗೆದಿದ್ದು ನಾನು. ಹೆದರ್ಕೊಂಡೆ."

"ನೀವು? ಹೇಳದೆ?" ಕಾರ್ಯದರ್ಶಿ ಅವಳನ್ನೇ ನೋಡಿದರು. ಅವರು ಅಷ್ಟು ಹೊತ್ತು ಯೋಚಿಸಿದ್ದನ್ನು ಆ ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. "ನಿಮ್ಮನ್ನ ಸುಮ್ಮನಾಗಿಸೋ ಅಷ್ಟು ಕೆಟ್ಟವನಾ ನಾನು?"

"ಸ್ವಲ್ಪ, ಸಾರ್," ಎಂದು ಬಾಗಿಲ ಬಳಿಯಿಂದ ದನಿ ಬಂತು. ಮೌನಿ ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದ.

ಮೊದಲು ನಕ್ಕವರು ಕಾರ್ಯದರ್ಶಿಯೇ. "ರಸ್ತೆ ರಿಪೇರಿ ಬೋರ್ಡನ್ನ ಮತ್ತೆ ಹಾಕಿ. ಇನ್ನೂ ದಪ್ಪಗೆ ಹಾಕಿ. ಹೇಳಿದ್ದು ಹೇಳಿದ್ದೇ, ಸೋಮವಾರ ನೀವು ಇಲ್ಲೇ. ಇನ್ಮೇಲೆ ನಾನೇನಾದ್ರೂ ತೆಗೀರಿ ಅಂದ್ರೆ, ಅದು ಯಾಕಿದೆ ಅಂತ ಮೊದಲು ಬೈದು ಹೇಳಿ."

ರೇಡಿಯೋ ಅಕ್ಕ ಕುರ್ಚಿಯ ಮೇಲೆ ಕೂತಳು. ದೇವರಿಗೆ ಏನೋ ಹೇಳಬೇಕೆಂದುಕೊಂಡಳು, ಮಾತೇ ಹೊಳೆಯಲಿಲ್ಲ. ಅವನು ಹೇಗೂ ಕೇಳಿಸಿಕೊಂಡಿರುತ್ತಾನೆ.

ವಿಜ್ಞಾನ ಕಾಲೇಜಿನಾಕೆ ಆಗಲೇ ಪೆನ್ನು ತೆಗೆದಿದ್ದಳು. ದಿನದ ವರದಿ ಬರೆದು ಊರೂರಿನ ಕಾಲೇಜು ಗ್ರಂಥಾಲಯಗಳಿಗೆ ಕಳಿಸುವುದು ಅವಳ ಪಾಲಿನ ಕೆಲಸ. ಕಾರ್ಯದರ್ಶಿ ಅವಳ ಕಡೆ ಬಾಗಿ ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. "ನೋಡಮ್ಮ, ಒಳಗಿನ ಮಾತು ಒಳಗೇ ಇರಲಿ. ಯೋಜನೆ ಹಾಕಿ ಮಾಡಿದ ಪ್ರಯೋಗ ಅಂತಲೇ ಬರೆದುಬಿಡಿ. ಇಷ್ಟು ದುಡಿದಿರೋ ಹೆಣ್ಣುಮಗಳ ಹೆಸರು ಯಾಕೆ ಕೆಡಬೇಕು? ಬೇಕಿದ್ರೆ ಕೆಳಗೆ ನಾನೇ ಸಹಿ ಹಾಕಿಕೊಡ್ತೀನಿ."

"ಅಷ್ಟೇ ತಾನೆ? ಚೆಂದವಾಗಿ ಬರೀತೀನಿ ಅಕ್ಕ," ಎಂದಳು ವಿಜ್ಞಾನ ಕಾಲೇಜಿನಾಕೆ.

"ಬೇಡ ಸಾರ್, ದಯವಿಟ್ಟು ಬೇಡ," ರೇಡಿಯೋ ಅಕ್ಕ ಎದ್ದು ನಿಂತಳು. "ಯೋಜನೆ ಅಂತ ಬರೆದ್ರೆ ನಾಳೆ ಇನ್ನೊಂದು ಊರಲ್ಲಿ ಯಾರೋ ಹುಡುಗಿ, ಇದು ಚೆನ್ನಾಗಿದೆ ಅಂತ 'ಎಲ್ಲರಿಗೂ' ಒತ್ತಿಬಿಡ್ತಾಳೆ. ಅವಳ ಊರಲ್ಲಿ ನಿಮ್ಮ ಹಾಗೆ ಕುಣಿಯೋ ಕಾರ್ಯದರ್ಶಿ ಇಲ್ಲದೆ ಹೋದ್ರೆ?" ವಿಜ್ಞಾನ ಕಾಲೇಜಿನಾಕೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. "ಬರ್ಕೊಳ್ಳಿ. ಮೊದಲನೇ ಸಾಲಿಗೇ ನನ್ನ ತಪ್ಪು ಬರಲಿ. ಯಾವ ಕಿಟಕಿ ಎಡಕ್ಕಿತ್ತು, ಯಾವುದು ಬಲಕ್ಕಿತ್ತು, ಕೈ ಎಲ್ಲಿಗೆ ಹೋಯ್ತು, ಎಲ್ಲಾ ಹೇಳ್ತೀನಿ. ಒಂದಕ್ಷರ ಬಿಡಬೇಡಿ."